ತಿಪಟೂರಿನ ಎರಡು ‘ಟಿ’ಗಳು

ನಕ್ಷೆ ಅಂದ್ರೆ ನಮಗೆಲ್ಲ ಮೊಬೈಲ್‌ನಲ್ಲಿ ದಾರಿ ತೋರಿಸೋ ಆ್ಯಪ್ ಅಷ್ಟೇ. ಅದರೊಳಗಿನ ಮಾಹಿತಿ ಯಾರ ಕೈಯಲ್ಲಿದೆ ಅಂತ ಯಾರೂ ಕೇಳಲ್ಲ. ಎಂಜಿನಿಯರಿಂಗ್ ಓದೋ ನಾವಾದ್ರೂ ಕೇಳಬೇಕು.

ಕಂಪನಿಯೊಂದರ ನಕ್ಷೆಗೆ ನಿಮ್ಮೂರಿನ ರಸ್ತೆ ಸೇರಿಸಿದಿರಿ ಅಂದ್ಕೊಳ್ಳಿ. ನಾಳೆ ಪ್ರಾಜೆಕ್ಟಿಗೆ ಇಡೀ ತಾಲ್ಲೂಕಿನ ರಸ್ತೆಗಳ ಡೇಟಾ ಬೇಕು ಅಂದ್ರೆ ಅದು ಹಾಗೆ ಸಿಗಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಾಗಲ್ಲ. ಯಾರು ಬೇಕಾದ್ರೂ ಸೇರಿಸಬಹುದು, ತಿದ್ದಬಹುದು, ಪೂರ್ತಿ ಡೇಟಾವನ್ನೇ ಇಳಿಸಿಕೊಳ್ಳಬಹುದು. ಮೂಲ ಯಾವುದೆಂದು ಹೇಳಬೇಕು. ಆ ಡೇಟಾವನ್ನು ಬೆಳೆಸಿ ಹಂಚಿದರೆ ಅದನ್ನೂ ಮುಕ್ತವಾಗಿಯೇ ಇಡಬೇಕು. ಷರತ್ತು ಮುಖ್ಯವಾಗಿ ಇಷ್ಟೇ.

ಆ ಡೇಟಾ ಬಳಸೋಕೆ ಕ್ಯೂಜಿಐಎಸ್ ಅನ್ನೋ ಮುಕ್ತ ತಂತ್ರಾಂಶ ಇದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತೆ. ಕೆರೆಯ ಸುತ್ತ 500 ಮೀಟರಿನೊಳಗೆ ನಕ್ಷೆಯಲ್ಲಿ ಎಷ್ಟು ಕಟ್ಟಡಗಳಿವೆ ಅಂತ ಹಾಸ್ಟೆಲ್ ರೂಮಿನಲ್ಲೇ ಕೂತು ಲೆಕ್ಕ ಹಾಕಬಹುದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹುಡುಕೋ ಗೋಜೇ ಇಲ್ಲ.

ಆದ್ರೆ ದುಡ್ಡು ಉಳಿಯೋದಕ್ಕಿಂತ ದೊಡ್ಡ ವಿಷಯ ಹೆಸರಿನದು. ತಿಪಟೂರನ್ನು ಇಂಗ್ಲಿಷ್‌ನಲ್ಲಿ ಬರೆದರೆ ಎರಡು ‘ಟಿ’ ಬರುತ್ತೆ. ಒಂದು ತ, ಇನ್ನೊಂದು ಟ. ಮಳವಳ್ಳಿಯ ಳ ಇಂಗ್ಲಿಷ್‌ನಲ್ಲಿ ಲ ಆಗಿಬಿಡುತ್ತೆ. ‘ಹೊಳೆ’ಯನ್ನಂತೂ ಇಂಗ್ಲಿಷ್‌ನೋರು ‘ಹೋಲ್’ ಅಂತಲೇ ಓದ್ತಾರೆ! ದೊಡ್ಡ ಊರುಗಳ ಹೆಸರು ಹೇಗೋ ಸರಿಹೋಗುತ್ತೆ. ಸಣ್ಣ ಹಳ್ಳಿಯ ಹೆಸರನ್ನು ಇಂಗ್ಲಿಷ್‌ನಿಂದ ವಾಪಸ್ ಕನ್ನಡಕ್ಕೆ ತರುವಾಗ ಯಂತ್ರ ಊಹೆ ಮಾಡಬೇಕು. ಸರಿಯಾದ ಹೆಸರು ಗೊತ್ತಿರೋದು ಆ ಊರಿನವರಿಗೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಜಾಗಕ್ಕೂ ಕನ್ನಡದ ಹೆಸರು ಬರೆಯೋಕೆ ಬೇರೆಯೇ ಟ್ಯಾಗ್ ಇದೆ. ಅದನ್ನು ತುಂಬೋರು ಬೇಕು.

‘ಅದರಲ್ಲಿ ನಮ್ಮೂರೇ ಸರಿಯಾಗಿಲ್ಲ, ಟ್ರಾಫಿಕ್ಕೂ ಕಾಣಲ್ಲ’ ಅಂತೀರಾ? ಒಪ್ಪುತ್ತೇನೆ. ಟ್ರಾಫಿಕ್ ನೋಡೋಕೆ ಬೇರೆ ಆ್ಯಪ್ ಬಳಸಿ, ತಪ್ಪಿಲ್ಲ. ಆದ್ರೆ ನಿಮ್ಮೂರು ಸರಿಯಾಗಿಲ್ಲ ಅಂದ್ರೆ ನಿಮ್ಮೂರಿನವರು ಯಾರೂ ಇನ್ನೂ ಕೂತು ಸರಿಮಾಡಿಲ್ಲ ಅಂತ ಅರ್ಥ.

ನವೆಂಬರ್ ಬಂದ್ರೆ ಕ್ಯಾಂಪಸ್ಸಿನಲ್ಲಿ ಬಾವುಟ ಹಾರಿಸ್ತೀವಿ, ಹಾಡು ಹಾಕ್ತೀವಿ. ಅದೂ ಇರಲಿ. ಜೊತೆಗೆ ಒಂದು ಸಂಜೆ ಲ್ಯಾಬಿನಲ್ಲಿ ಕೂತು ಒಬ್ಬೊಬ್ಬರು ತಮ್ಮೂರಿನ ಕೆರೆ, ಶಾಲೆ, ಹಳ್ಳ, ಬಸ್‌ಸ್ಟಾಪಿನ ಹೆಸರನ್ನು ಕನ್ನಡದಲ್ಲಿ ಸೇರಿಸೋಣ. ಬೇರೆ ನಕ್ಷೆ ನೋಡಿ ನಕಲು ಮಾಡೋ ಹಾಗಿಲ್ಲ. ಊರಿನ ಬೋರ್ಡು, ನಿಮ್ಮ ನೆನಪು, ಅನುಮಾನ ಬಂದ್ರೆ ಅಜ್ಜಿಗೊಂದು ಫೋನು — ಇಷ್ಟಿದ್ರೆ ಸಾಕು.