ಪ್ರಶ್ನೆ ಕೇಳಬೇಕಾದುದು ಯಾರನ್ನು?



ಊರಿನಲ್ಲಿ ಒಂದು ಹೆಣ್ಣುಮಗುವಿಗೆ ಅನ್ಯಾಯವಾಯಿತೆಂದು ಸುದ್ದಿ ಬಂದರೆ ಕಟ್ಟೆಯ ಮೇಲೆ ಮೊದಲು ಏಳುವ ಪ್ರಶ್ನೆ, ‘ಆ ಹೊತ್ತಿನಲ್ಲಿ ಅವಳಿಗೆ ಅಲ್ಲೇನು ಕೆಲಸ?’ ಎಂಬುದು. ಎರಡನೆಯದು, ‘ತಾಯಿತಂದೆ ಎಲ್ಲಿದ್ದರು?’ ಎಂಬುದು. ಕೆಡಿಸಿದವನ ಮಾತು ಮೂರನೆಯದಾಗಿ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಕಟ್ಟೆಯ ಮೇಲೆ ಆಡುವ ಈ ಮಾತನ್ನೇ ತೋಟದ ಲೈನುಗಳಲ್ಲಿ ನಲ್ಲಿಯ ಬಳಿ ಆಡುತ್ತಾರೆ.

ಈ ಪ್ರಶ್ನೆಗಳು ಕಟ್ಟೆಯಿಂದ ಎದ್ದು ಕೋರ್ಟಿನವರೆಗೂ ಹೋಗುತ್ತವೆ. ನಮ್ಮ ಸೀಮೆಗೆ ತೀರ ಹತ್ತಿರದ ಸಂಗತಿಯೊಂದಿದೆ. 1978ರ ಮಾರ್ಚ್ ತಿಂಗಳಲ್ಲಿ ಹೈದರಾಬಾದಿನಲ್ಲಿ ರಿಕ್ಷಾ ಎಳೆಯುವ ಒಬ್ಬ ಬಡವನೂ ಅವನ ಹೆಂಡತಿಯೂ ರಾತ್ರಿ ಸಿನಿಮಾ ನೋಡಿ ಮನೆಗೆ ಬರುತ್ತಿದ್ದರು. ನಲ್ಲಕುಂಟ ಠಾಣೆಯ ಪೊಲೀಸರು ಆ ಹೆಣ್ಣುಮಗಳನ್ನು ಹಿಡಿದು ಕೆಡಿಸಿದರೆಂದೂ, ಕೇಳಹೋದ ಗಂಡನು ಅವರ ಏಟಿಗೆ ಸತ್ತನೆಂದೂ ದೂರು. ಜನರು ಹೆಣವನ್ನು ಠಾಣೆಯ ಮುಂದಿಟ್ಟು ಕೂತರು. ಗೋಲಿಬಾರಾಯಿತು, ಕರ್ಫ್ಯೂ ಬಿತ್ತು. ಸರ್ಕಾರವು ನೇಮಿಸಿದ ನ್ಯಾಯಮೂರ್ತಿ ಮುಕ್ತದರ್ ಆಯೋಗದ ಮುಂದೆ ಪೊಲೀಸರ ಕಡೆಯವರ ವಾದವೇನು? ಅವಳು ಕೆಟ್ಟ ನಡತೆಯವಳು ಎಂಬುದೇ. ಆಯೋಗವು ಅದನ್ನೊಪ್ಪದೆ ಪೊಲೀಸರದೇ ತಪ್ಪೆಂದು ಹೇಳಿತು. ಬಳಿಕ ಮೊಕದ್ದಮೆ ರಾಯಚೂರಿನ ಸೆಷನ್ಸ್ ಕೋರ್ಟಿಗೆ ವರ್ಗವಾಯಿತು. ಅದು ಮಕ್ತಲ್‌ನವರಿಗೆ ಕೃಷ್ಣಾ ನದಿ ದಾಟಿದರೆ ಸಿಗುವ ರಾಯಚೂರು, 1956ರವರೆಗೆ ಗದ್ವಾಲದವರಿಗೆ ಜಿಲ್ಲಾ ಕೇಂದ್ರವಾಗಿದ್ದ ರಾಯಚೂರು. ಅಲ್ಲಿ 1981ರಲ್ಲಿ ಆರೋಪಿಗಳು ಅತ್ಯಾಚಾರ, ಕೊಲೆ ಎರಡೂ ಆರೋಪಗಳಿಂದ ಬಿಡುಗಡೆಯಾದರು.

ಇನ್ನೊಂದು ಸಂಗತಿ ಮಹಾರಾಷ್ಟ್ರದ್ದು. 1972ರಲ್ಲಿ ದೇಸಾಯಿಗಂಜ್ ಠಾಣೆಯಲ್ಲಿ ಇಬ್ಬರು ಪೊಲೀಸರ ಮೇಲೆ ಅಂಥದೇ ಆರೋಪ ಬಂತು. ಹುಡುಗಿ ಆದಿವಾಸಿ, ವಯಸ್ಸು ಹದಿನಾಲ್ಕರಿಂದ ಹದಿನಾರು. ಹೈಕೋರ್ಟು ಕೊಟ್ಟ ಶಿಕ್ಷೆಯನ್ನು 1978ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಮೈಮೇಲೆ ಗಾಯವಿರಲಿಲ್ಲ, ಅವಳು ಕೂಗಿಕೊಳ್ಳಲಿಲ್ಲ ಎಂಬುದು ಅದರ ಕಾರಣಗಳಲ್ಲಿ ಮುಖ್ಯವಾದುದು. ಠಾಣೆಯೊಳಗೆ, ರಾತ್ರಿಯಲ್ಲಿ, ಸಮವಸ್ತ್ರದವರ ಮುಂದೆ, ಕೂಲಿಯ ಮಗಳು ಯಾರನ್ನು ಕೂಗಬೇಕಿತ್ತು?

ಈ ಎರಡನೆಯ ಹುಡುಗಿಯ ಕಥೆಯನ್ನು ಹಿಂದಿನಿಂದ ನೋಡೋಣ. ಚಿಕ್ಕಂದಿನಲ್ಲೇ ತಾಯಿತಂದೆಯನ್ನು ಕಳೆದುಕೊಂಡವಳು. ಕೂಲಿ ಮಾಡುವ ಅಣ್ಣನ ಆಸರೆ. ತಾನೂ ಇನ್ನೊಬ್ಬರ ಮನೆಯಲ್ಲಿ ದುಡಿಯುತ್ತಿದ್ದಳು. ಅಲ್ಲಿ ಒಬ್ಬ ಹುಡುಗನನ್ನು ಮೆಚ್ಚಿ, ಮದುವೆಯಾಗಬೇಕೆಂದಳು. ಅಣ್ಣನು ಹೆದರಿ, ತಂಗಿಯನ್ನು ಹಾರಿಸಿಕೊಂಡು ಹೋದರೆಂದು ಪೊಲೀಸರಿಗೆ ದೂರು ಕೊಟ್ಟನು. ಹಾಗೆ ಅವಳು ಆ ರಾತ್ರಿ ಠಾಣೆಗೆ ಬಂದಳು. ಅದಕ್ಕೂ ಮೊದಲು ಹಿರಿಯಕ್ಕನಂಥವರೊಬ್ಬರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಏನಮ್ಮಾ ನಿನ್ನ ಮನಸ್ಸಿನಲ್ಲಿರುವುದು?’ ಎಂದು ಕೇಳಿದ್ದರೆ ಏನಾಗುತ್ತಿತ್ತು? ಅಣ್ಣನನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವನೂ ಒಂಟಿ ಕೂಲಿಯವನೇ. ಒಂಟಿಯಾದವರಿಗೆ ಊರು ಜೊತೆಯಾಗಿರಬೇಕು ಎಂಬುದೇ ನನ್ನ ಮಾತು.

ನಮ್ಮ ಊರುಗಳನ್ನು ನೋಡಿರಿ. ಮೇಸ್ತ್ರಿಯ ಮುಂಗಡ ಹಿಡಿದು ತಾಯಿತಂದೆ ಹೈದರಾಬಾದಿಗೋ ಬೊಂಬಾಯಿಗೋ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಗದ್ವಾಲದ ಹತ್ತಿಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ ಎಷ್ಟೋ ವರ್ಷ ಎಳೆಯ ಹುಡುಗಿಯರ ಬೆರಳುಗಳೇ ದುಡಿದಿವೆ. ಹುಡುಗನು ಶಾಲೆ ಬಿಟ್ಟಾಗ ಯಾರೂ ಮಾತನಾಡುವುದಿಲ್ಲ. ಸೇಂದಿ ಅಂಗಡಿಯ ಮುಂದೆ ನಿಂತಾಗಲೂ ಮಾತನಾಡುವುದಿಲ್ಲ. ಮೊಬೈಲು ಕದ್ದ ದಿನ ಮಾತ್ರ ಇಡೀ ಓಣಿ ಎದ್ದು ಬಂದು ಕಂಬಕ್ಕೆ ಕಟ್ಟುತ್ತದೆ. ಹುಡುಗಿ ಮಂಕಾಗಿ ಕೂತರೆ ‘ಸೊಕ್ಕು’ ಎನ್ನುತ್ತೇವೆ, ಕೆಲಸದ ಜಾಗಕ್ಕೆ ಹೋಗಲಾರೆನೆಂದರೆ ‘ಸೋಮಾರಿ’ ಎನ್ನುತ್ತೇವೆ. ಯಾಕೆಂದು ಕೇಳುವುದಿಲ್ಲ. ಕೇಳದೆ ಹೋದ ಆ ಪ್ರಶ್ನೆ ಕೆಡುಕು ನಡೆದ ಮೇಲೆ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪವೆಂದು ಶಿಷ್ಯರು ವಿಚಾರಿಸಿದ್ದು ನಿಮಗೆ ಗೊತ್ತಿದೆ. ಯೇಸುಸ್ವಾಮಿಯವರು ಆ ಪ್ರಶ್ನೆಯನ್ನೇ ತಳ್ಳಿಹಾಕಿ, ಅವನ ಕಣ್ಣಿನ ಕೆಲಸಕ್ಕೆ ಕೈಹಾಕಿದರು. ನಮಗೂ ಅದೇ ದಾರಿ.

ಕಾನೂನು ನಮಗಿಂತ ಮುಂದೆ ಹೋಗಿದೆ. ಆ ಎರಡು ತೀರ್ಪುಗಳ ಮೇಲೆದ್ದ ಹೋರಾಟದಿಂದ 1983ರಲ್ಲಿ ಕಾನೂನು ಬದಲಾಯಿತು. ನೊಂದವಳ ಹೆಸರು ಅಚ್ಚುಮಾಡುವುದು ಅಪರಾಧವಾಯಿತು. ಇಲ್ಲಿಯೂ ಹೆಸರುಗಳನ್ನು ಬರೆದಿಲ್ಲ. ಅತ್ಯಾಚಾರದ ಮೊಕದ್ದಮೆಯಲ್ಲಿ ಹೆಣ್ಣಿನ ನಡತೆ ಕೆಟ್ಟದ್ದೆಂದು ತೋರಿಸಿ ಅವಳ ಸಾಕ್ಷ್ಯವನ್ನು ಕೆಡಿಸಲು ಅವಕಾಶವಿದ್ದ ಕಲಮನ್ನು 2002ರ ತಿದ್ದುಪಡಿ ಕಾನೂನು ತೆಗೆದುಹಾಕಿತು. ಕೋರ್ಟಿನಿಂದ ಹೊರಗೆ ಹಾಕಿದ ಪ್ರಶ್ನೆಯನ್ನು ನಾವು ಕಟ್ಟೆಯ ಮೇಲೆ ಇನ್ನೂ ಸಾಕುತ್ತಿರುವುದು ಸರಿಯೇ?

ಆದುದರಿಂದ ಪ್ರತಿಯೊಂದು ಲೈನಿನಲ್ಲಿ, ಪ್ರತಿಯೊಂದು ಓಣಿಯಲ್ಲಿ ಇಷ್ಟಾದರೂ ತಿಳಿದಿರಲಿ. ಹದಿನೆಂಟು ತುಂಬದ ಮಗುವಿನ ಮೇಲೆ ದೌರ್ಜನ್ಯವಾದುದು ಗೊತ್ತಾದರೆ 2012ರ ಪೋಕ್ಸೋ ಕಾನೂನಿನಂತೆ ದೂರು ಕೊಡಲೇಬೇಕು. ಹಿರಿಯರು ಸೇರಿ ರಾಜಿ ಮಾಡಿ ಮುಚ್ಚುವಂತಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಬರೆದುಕೊಳ್ಳಬಹುದು, ಬರೆದುಕೊಳ್ಳುವವರು ಸಮವಸ್ತ್ರದಲ್ಲಿರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತಪ್ಪು ಮಾಡಿದ ಮಗುವನ್ನೂ ಲಾಕಪ್ಪಿಗೆ ಹಾಕುವಂತಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ಕರೆದೊಯ್ಯಬೇಕು. ಮಕ್ಕಳ ಸಹಾಯಕ್ಕೆ 1098ಕ್ಕೆ ಫೋನು ಮಾಡಿದರೆ ಕಾಸಿಲ್ಲ. ಈ ಸಂಖ್ಯೆಯನ್ನು ಬಾಗಿಲ ಹಿಂದೆ ಬರೆದಿಡಿರಿ.

ಕಾನೂನು ಬರುವುದು ಕೆಡುಕಾದ ಮೇಲೆ. ಅದಕ್ಕೆ ಮುಂಚಿನ ಕೆಲಸ ನಮ್ಮದು. ಕೂಲಿ ಹೆಚ್ಚಿಸಬೇಕೆಂದು ಒಟ್ಟಾಗಿ ನಿಲ್ಲಬಲ್ಲ ನಮಗೆ, ಪಕ್ಕದ ಮನೆಯ ಮಗು ಎರಡು ದಿನ ಊಟ ಬಿಟ್ಟಿತೆಂದು ಒಟ್ಟಾಗಿ ಕೇಳಲು ಏನು ಕಷ್ಟ? ತಾಯಂದಿರೇ, ಇಂದು ಸಂಜೆ ಕೆಲಸದಿಂದ ಬಂದ ಮೇಲೆ ನಿಮ್ಮ ಸಾಲಿನಲ್ಲಿ ಮಾತು ಕಡಿಮೆಮಾಡಿದ ಮಗು ಯಾವುದೆಂದು ನೋಡಿರಿ. ಆ ಮಗುವಿನ ಬಳಿ ಕೂತು ವಿಚಾರಿಸಿರಿ. ಬೈಯದೆ ಕೇಳಿರಿ, ಕೇಳಿದ್ದನ್ನು ನಲ್ಲಿಯ ಬಳಿ ಹರಡಬೇಡಿರಿ.