ಹಕ್ಕುಗಳ ಕಚೇರಿಯ ಉಮೇದುವಾರರು

ಕಾನೂನು ವ್ಯಾಸಂಗ ಮಾಡುತ್ತಿರುವ ನಮ್ಮ ಜಿಲ್ಲೆಯ ತರುಣರಲ್ಲಿ ಕೆಲವರು ಮಾನವ ಹಕ್ಕುಗಳ ಕೆಲಸವನ್ನು ಕಲಿಯಬೇಕೆಂದು ರಜೆಯಲ್ಲಿ ದಿಲ್ಲಿಯ ರಾಷ್ಟ್ರೀಯ ಆಯೋಗಕ್ಕೋ ಬೆಂಗಳೂರಿನ ರಾಜ್ಯ ಆಯೋಗಕ್ಕೋ ಅರ್ಜಿ ಹಾಕುವರು. ಉತ್ಸಾಹವು ಶ್ಲಾಘ್ಯವೇ ಸರಿ. ಆದರೆ ಸಿರುಗುಪ್ಪ, ಕುರುಗೋಡುಗಳ ಕಡೆಯಿಂದ ಬಳ್ಳಾರಿಯ ನ್ಯಾಯಾಲಯದ ಅಂಗಳಕ್ಕೆ ಬಂದು ನಿಲ್ಲುವ ಜನರನ್ನು ದಾಟಿಕೊಂಡೇ ಅವರು ರೈಲು ಹತ್ತುತ್ತಾರೆಂಬುದನ್ನು ನಾವು ನೆನಪಿಗೆ ತರಬಯಸುತ್ತೇವೆ.

ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ. ಕನ್ನಡದಲ್ಲಿಯೇ ಬರೆದು ಅಂಚೆಗೆ ಹಾಕಬಹುದು. ಇಷ್ಟು ಸುಲಭವಾದ ಮಾರ್ಗವು ಹಳ್ಳಿಗನಿಗೆ ಕೈಗೂಡದಿರುವುದೇಕೆ? 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆಯ 36ನೆಯ ಕಲಮಿನ ಪ್ರಕಾರ, ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗವು ಅದನ್ನು ವಿಚಾರಿಸುವಂತಿಲ್ಲ. ಠಾಣೆಯಲ್ಲಿ ಪೆಟ್ಟು ತಿಂದವನು ಮೊದಲು ಊರ ಹಿರಿಯರ ಬಳಿಗೂ ಆಮೇಲೆ ಶಾಸಕರ ಮನೆಗೂ ಅಲೆದು ದಣಿಯುವಷ್ಟರಲ್ಲಿ ಆ ವರ್ಷವು ತೀರಿರುತ್ತದೆ. ಮತ್ತೊಂದು ತೊಡಕೂ ಉಂಟು. ಆಯೋಗವು ನೋಡುವುದು ಸರಕಾರಿ ನೌಕರನ ಅತಿಕ್ರಮವನ್ನು, ಇಲ್ಲವೆ ಅತಿಕ್ರಮವನ್ನು ತಡೆಯುವುದರಲ್ಲಿ ಅವನು ತೋರಿದ ಅಲಕ್ಷ್ಯವನ್ನು. ಮುಂಗಡದ ಸಾಲಕ್ಕೆ ಜೀತಕ್ಕಿರುವವನು ಧಣಿಯ ಕ್ರೌರ್ಯವನ್ನು ಹತ್ತು ಪುಟ ಬರೆಸಿದರೂ, ಯಾವ ಅಧಿಕಾರಿಗೆ ಯಾವ ದಿನ ತಿಳಿಸಿದನೆಂಬ ಒಂದು ಸಾಲು ಇಲ್ಲದಿದ್ದರೆ ಆ ಅರ್ಜಿಯು ದುರ್ಬಲವಾಗುವುದು. ಜೀತವು 1976ರಲ್ಲಿಯೇ ಕಾಯಿದೆಯಿಂದ ರದ್ದಾಗಿರುವುದು ಅವನಿಗೆ ತಿಳಿದಿರುವುದೂ ಅಪರೂಪ.

ಆ ಒಂದು ಸಾಲನ್ನು ಕೇಳಿ ಬರೆಯುವುದೇ ಉಮೇದುವಾರನ ನಿಜವಾದ ಪಾಠ. ಅದಕ್ಕೆ ತಕ್ಕ ಸ್ಥಳವು ನಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಸ್ತ್ರೀಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಬಂಧನದಲ್ಲಿರುವವರಿಗೂ ವರಮಾನವನ್ನು ಕೇಳದೆ ಉಚಿತವಾಗಿ ವಕೀಲರನ್ನು ಕೊಡತಕ್ಕದ್ದೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ವಿಧಿಸಿದೆ. ಅದರ ಅರೆಕಾನೂನು ಸ್ವಯಂಸೇವಕರ ಯೋಜನೆಯಲ್ಲಿ ಕಾನೂನು ವಿದ್ಯಾರ್ಥಿಗಳಿಗೂ ಸ್ಥಾನವಿದೆ. ಮೋಟಾರಿನ ಮುಂದೆ 'ಮಾನವ ಹಕ್ಕು' ಎಂಬ ಫಲಕ ತೂಗಿಸಿ, ಗುರುತಿನ ಚೀಟಿ ಮಾರುವ ಖಾಸಗಿ ಸಂಘಗಳನ್ನು ಈ ಕಚೇರಿಗಳೊಡನೆ ಬೆರೆಸದಿರುವ ವಿವೇಕವೂ ತರುಣರಿಗೆ ಇರಲಿ.

ಪ್ರಾಧಿಕಾರದವರಲ್ಲಿ ನಮ್ಮ ಬಿನ್ನಹವಿಷ್ಟೆ. ಪ್ರತಿ ರಜೆಯಲ್ಲಿಯೂ ಕೆಲವರನ್ನಾದರೂ ಸೇರಿಸಿಕೊಂಡು, ಅವರನ್ನು ಬಳ್ಳಾರಿಯಲ್ಲಿ ಕಡತ ಹೊಲಿಯಲು ಕೂರಿಸದೆ, ವಾರದಲ್ಲಿ ಎರಡು ದಿನ ಸಿರುಗುಪ್ಪ, ಕುರುಗೋಡುಗಳಿಗೆ ಕಳುಹಿಸಲಿ. ಅವರು ಬರೆದ ಪ್ರತಿಯೊಂದು ದೂರಿನ ನಕಲನ್ನೂ ಸ್ಪೀಡ್ ಪೋಸ್ಟ್ ಅಂಚೆಯ ರಶೀದಿಯನ್ನೂ ದೂರುದಾರನ ಕೈಗೇ ಕೊಡಿಸಲಿ. ಅವನ ಹೆಸರು ಊರೊಳಗೆ ಬಯಲಾಗದಂತೆ ನೋಡಿಕೊಳ್ಳಲಿ. ಹೋಗಿಬರುವ ಬಸ್ಸಿನ ವೆಚ್ಚವನ್ನು ವಿದ್ಯಾರ್ಥಿಗಳ ಮೇಲೆ ಹೊರಿಸದಿರಲಿ.