ನಾಲ್ಕನೆಯ ಹೆದ್ದಾರಿ ಎಲ್ಲಿ ಹೋಯಿತು?

ಕಳೆದ ಬೇಸಿಗೆಯ ರಜೆಗೆ ಶಾಲೆ ಮುಚ್ಚುವ ಮುನ್ನ, ಒಂಬತ್ತನೆಯ ಇಯತ್ತೆಯ ಭೂಗೋಳದ ತಾಸಿನಲ್ಲಿ ನಾವು ಒಂದು ಪ್ರಶ್ನೆ ಕೇಳಿದೆವು: “ಊರಿಗೆ ಯಾವ ಹಾದಿಯಿಂದ ಹೋಗುವಿರಿ?” ಹಾವೇರಿಯ ಕಡೆಯ ಹುಡುಗನೊಬ್ಬನು “ನಲವತ್ತೆಂಟನೆಯ ಹೆದ್ದಾರಿಯಿಂದ” ಎಂದನು. ಅವನ ಪಕ್ಕದಲ್ಲಿ ಕುಳಿತಿದ್ದ ರಾಣೆಬೆನ್ನೂರಿನ ಹುಡುಗನು ಕೂಡಲೆ ಎದ್ದು, “ಅಲ್ಲರಿ ಸರ್, ಅದು ನಾಲ್ಕನೇದ್ದು, ನಮ್ಮ ಅಜ್ಜ ಹಂಗ ಹೇಳತಾರ” ಎಂದನು. ಅಷ್ಟರಲ್ಲಿ ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು, “ನಲವತ್ತೆಂಟು ಅಂದರೆ ನಮ್ಮ ಶಿರಾಡಿ ಘಾಟಿ ರಸ್ತೆ ಸರ್, ಅಪ್ಪ ಹಾಗೇ ಅನ್ನುತ್ತಾರೆ” ಎಂದು ತಗಾದೆ ತೆಗೆದಳು. ತರಗತಿಯಲ್ಲಿ ಗದ್ದಲವಾಯಿತು. ವಿಚಿತ್ರವೆಂದರೆ, ಮೂವರಲ್ಲಿ ಯಾರೊಬ್ಬರೂ ಸುಳ್ಳಾಡಿರಲಿಲ್ಲ.

ಮುಂಬಯಿಯ ನೆರೆಯಿಂದ ಹೊರಟು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳನ್ನು ಹಾಯ್ದು ಚೆನ್ನೈಯನ್ನು ಸೇರುವ ಹಾದಿಗೆ ಬಹುಕಾಲ ೪ ಎಂಬ ಸಂಖ್ಯೆಯಿದ್ದಿತು. ಬೆಂಗಳೂರಿನಿಂದ ಹಾಸನ, ಸಕಲೇಶಪುರಗಳ ಮೂಲಕ ಮಂಗಳೂರಿಗೆ ಇಳಿಯುವ ಹಾದಿಯು ಆಗ ೪೮. ೨೦೧೦ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯಿತು. ಈಗ ೪೮ ಎಂಬುದು ದಿಲ್ಲಿಯಿಂದ ಜಯಪುರ, ಅಹಮದಾಬಾದ, ಸೂರತ್‌ಗಳ ಮೂಲಕ ಮುಂಬಯಿಯ ಸೀಮೆಗೆ ಬಂದು, ನಮ್ಮ ಹಳೆಯ ನಾಲ್ಕನ್ನು ತನ್ನೊಳಗೆ ಸೇರಿಸಿಕೊಂಡು ಚೆನ್ನೈಯವರೆಗೆ ಹೋಗುವ ಹೆದ್ದಾರಿಯ ಹೆಸರು. ಶಿರಾಡಿಯ ಹಾದಿಗೆ ೭೫ ಬಂದಿದೆ. ಹಾಗಾದರೆ ನಾಲ್ಕು ಎಲ್ಲಿ ಹೋಯಿತು? ಅದು ಸಮುದ್ರವನ್ನು ದಾಟಿ ಅಂಡಮಾನಿನ ಹೆದ್ದಾರಿಗೆ ಅಂಟಿಕೊಂಡಿದೆ. ನಾಲ್ಕಕ್ಕೆ ಕರಿನೀರಿನ ಶಿಕ್ಷೆಯಾಯಿತೆಂದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ವಿನೋದದ ಮಾತು ಹುಟ್ಟಿತು.

ರಸ್ತೆ ಇದ್ದಲ್ಲಿಯೇ ಇರುವಾಗ ಅದರ ಸಂಖ್ಯೆ ಯಾವುದಾದರೇನು ಎಂದು ಕೆಲವರು ಕೇಳುವರು. ನಮ್ಮ ಪಾಲಕರೊಬ್ಬರಿಗೆ ಒದಗಿದ ಪ್ರಸಂಗವನ್ನು ಅಂಥವರು ಕೇಳಬೇಕು. ನಿಪ್ಪಾಣಿಯನ್ನು ದಾಟಿದ ಮೇಲೆ ನಡುರಾತ್ರಿಯಲ್ಲಿ ಅವರ ಕಾರು ಕೆಟ್ಟು ನಿಂತಿತು. ಒಳಗೆ ಜ್ವರದಿಂದ ನರಳುತ್ತಿದ್ದ ವೃದ್ಧ ತಾಯಿ. ಅವರು ನೆರವಿಗಾಗಿ ಒಂದು ಕಡೆಗೆ ದೂರವಾಣಿ ಮಾಡಿ, ದಂಡೆಯ ಕಲ್ಲಿನ ಮೇಲಿನ ಕಿಲೋಮೀಟರನ್ನು ಓದಿ, ಹೆದ್ದಾರಿ ಯಾವುದೆಂದು ಕೇಳಿದಾಗ ಮೂವತ್ತು ವರ್ಷಗಳ ರೂಢಿಯಿಂದ “ನಾಲ್ಕು” ಎಂದರು. ಆಚೆಯ ತರುಣನ ಪಟ್ಟಿಯಲ್ಲಿ ನಾಲ್ಕು ಎಂಬುದು ಆ ಸೀಮೆಯಲ್ಲಿಯೇ ಇರಲಿಲ್ಲ. ಮಾತು ಒಂದಕ್ಕೊಂದು ಕೂಡದೆ ಎರಡು ತಾಸು ಕಳೆದವು. ತಾಯಿಯವರು ಗುಣಮುಖರಾದರೆಂಬುದು ಸಮಾಧಾನದ ಸಂಗತಿ. ಇಂದು ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಆಪತ್ತಿಗೆ ಸಿಲುಕಿದವರಿಗಾಗಿ ೧೦೩೩ ಎಂಬ ಸಹಾಯವಾಣಿಯಿದೆ. ಅಲ್ಲಿಗೆ ಕರೆದವನೂ ತಾನಿರುವ ಎಡೆಯನ್ನು ತಿಳಿಸಲೇಬೇಕು. ಗುರುತಿಲ್ಲದ ಬಯಲಿನಲ್ಲಿ ನಿಂತವನಿಗೆ ಹೆದ್ದಾರಿಯ ಸಂಖ್ಯೆ ಮತ್ತು ಕಲ್ಲಿನ ಅಂಕೆ, ಇವೆರಡೇ ವಿಳಾಸ.

ಅಂಕೆ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು: ಎಣಿಕೆಯ ಗುರುತು ಒಂದು, ಹಿಡಿತವೆಂಬುದು ಇನ್ನೊಂದು. ರಸ್ತೆಗಳಿಗೆ ಸಂಖ್ಯೆಯಿಟ್ಟ ಚರಿತ್ರೆಯನ್ನು ನೋಡಿದರೆ ಎರಡನೆಯ ಅರ್ಥವೇ ಮೊದಲು ಬಂದಂತೆ ತೋರುತ್ತದೆ. ೧೮೧೧ರಲ್ಲಿ ನೆಪೋಲಿಯನ್ ಚಕ್ರವರ್ತಿಯು ಫ್ರಾನ್ಸಿನ ಸಾಮ್ರಾಜ್ಯದ ರಸ್ತೆಗಳನ್ನು ವರ್ಗೀಕರಿಸಿ ಸಂಖ್ಯೆಯನ್ನಿತ್ತನು. ಮೊದಲ ವರ್ಗದ ರಸ್ತೆಗಳೆಲ್ಲ ಪ್ಯಾರಿಸಿನಿಂದಲೇ ಹೊರಟು ಗಡಿಗಳತ್ತ ಧಾವಿಸುವವು. ರಾಜಧಾನಿಯ ಆಜ್ಞೆಯೂ ಸೈನ್ಯವೂ ಎತ್ತ ಹೋಗಬೇಕೋ ಅತ್ತ ಆ ರಸ್ತೆಗಳು ಹೋದವು. ಬ್ರಿಟನ್ನಿನಲ್ಲಿ ೧೯೨೦ರ ದಶಕದ ಆರಂಭದಲ್ಲಿ ಇದೇ ಕೆಲಸ ನಡೆಯಿತು. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವುದು ಎ-೧. ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಡೋವರಿಗೆ ಹೋಗುವುದು ಎ-೨, ಪೋರ್ಟ್ಸ್‌ಮತ್ತಿಗೆ ಎ-೩. ಹೀಗೆ ಆರರವರೆಗೆ ಬಂಡಿಯ ಗಾಲಿಯ ಅರೆಗಾಲುಗಳಂತೆ. ಏಳು, ಎಂಟು, ಒಂಬತ್ತುಗಳನ್ನು ಮಾತ್ರ ಸ್ಕಾಟ್ಲೆಂಡಿನವರಿಗೆಂದು ಎಡಿನ್‌ಬರೋದ ಸುತ್ತ ಬಿಟ್ಟುಕೊಟ್ಟರು. ಇಂಥ ಏರ್ಪಾಡಿನಲ್ಲಿ ಹಳ್ಳಿಯವನು ತಾನು ಎಲ್ಲಿರುವೆನೆಂದು ತಿಳಿಯಬೇಕಾದರೆ ಮೊದಲು ರಾಜಧಾನಿಯನ್ನು ನೆನೆಯಬೇಕು.

ಅಮೆರಿಕದವರು ಬೇರೊಂದು ದಾರಿ ಹಿಡಿದರು. ಅಲ್ಲಿ ಮೊದಲು ರಸ್ತೆಗಳಿಗೆ ಹೆಸರುಗಳಿದ್ದವು. ೧೯೧೩ರ ಲಿಂಕನ್ ಹೆದ್ದಾರಿ ಅವುಗಳಲ್ಲಿ ಪ್ರಸಿದ್ಧವಾದುದು. ಒಂದೊಂದು ಹೆಸರಿನ ಹಿಂದೆ ಒಂದೊಂದು ಸಂಘ. ಒಂದೊಂದು ಸಂಘಕ್ಕೂ ಕಂಬಗಳ ಮೇಲೆ ಬಳಿಯಲು ಒಂದೊಂದು ಬಣ್ಣದ ಪಟ್ಟೆ. ಒಂದೇ ಕಂಬದ ಮೇಲೆ ನಾಲ್ಕಾರು ಬಣ್ಣಗಳು ಸೇರಿದಾಗ ಪ್ರಯಾಣಿಕನ ಕಣ್ಣು ಕತ್ತಲಿಡುತ್ತಿತ್ತು. ವಿಸ್ಕಾನ್ಸಿನ್ ರಾಜ್ಯವು ೧೯೧೮ರಲ್ಲಿ ಹೆಸರುಗಳನ್ನು ಬಿಟ್ಟು ಸಂಖ್ಯೆಗಳನ್ನು ಹಿಡಿಯಿತು. ೧೯೨೬ರಲ್ಲಿ ದೇಶವೇ ಹಿಡಿಯಿತು. ಉತ್ತರ ದಕ್ಷಿಣವಾಗಿ ಓಡುವ ಹಾದಿಗೆ ಬೆಸ ಸಂಖ್ಯೆ, ಪೂರ್ವ ಪಶ್ಚಿಮವಾಗಿ ಓಡುವುದಕ್ಕೆ ಸರಿ ಸಂಖ್ಯೆ. ಎಣಿಕೆಯು ಪೂರ್ವದಿಂದ ಮತ್ತು ಉತ್ತರದಿಂದ ಆರಂಭ. ೧೯೫೬ರ ಕಾನೂನಿನ ಮೇಲೆ ಹುಟ್ಟಿದ ಅಂತರರಾಜ್ಯ ಹೆದ್ದಾರಿಗಳಿಗೆ ಇದೇ ಸೂತ್ರವನ್ನು ತಲೆಕೆಳಗಾಗಿಸಿ, ಪಶ್ಚಿಮದಿಂದ ಮತ್ತು ದಕ್ಷಿಣದಿಂದ ಎಣಿಸಿದರು. ಒಂದೇ ರಾಜ್ಯದಲ್ಲಿ ಹಳೆಯ ಹತ್ತು, ಹೊಸ ಹತ್ತು ಎರಡೂ ಎದುರುಬದುರಾಗಿ ಜನರು ದಾರಿ ತಪ್ಪಬಾರದೆಂಬುದು ಅದರ ಉದ್ದೇಶ. ಈ ಒಂದು ಜಾಣತನಕ್ಕಾಗಿ ನಾವು ಅವರನ್ನು ಮೆಚ್ಚುತ್ತೇವೆ. ನಮ್ಮಲ್ಲಿ ಹಳೆಯ ೪೮ನ್ನೂ ಹೊಸ ೪೮ನ್ನೂ ಒಂದೇ ಕನ್ನಡ ನಾಡಿನೊಳಗೆ ತಂದಿಟ್ಟರು!

ಅಂಕೆಗಾಗಿ ಜಗಳಗಳೂ ನಡೆದಿವೆ. ಸೊನ್ನೆಯಿಂದ ಮುಗಿಯುವ ಸಂಖ್ಯೆಗಳು ಪೂರ್ವ ಪಶ್ಚಿಮದ ಪ್ರಧಾನ ಹೆದ್ದಾರಿಗಳಿಗೆ ಮೀಸಲಾಗಿದ್ದುದರಿಂದ, ಶಿಕಾಗೋದಿಂದ ಲಾಸ್ ಏಂಜಲೀಸಿಗೆ ಹೋಗುವ ಹಾದಿಗೆ ೬೦ನ್ನು ಕೊಟ್ಟದ್ದು ಕೆಂಟಕಿಯ ಗವರ್ನರರಿಗೆ ಸೈರಿಸಲಿಲ್ಲ. ತಮ್ಮ ರಾಜ್ಯಕ್ಕೆ ಅಂಥದೊಂದೂ ಇಲ್ಲವೆಂದು ಅವರು ಹಟ ಹಿಡಿದರು. ಕೊನೆಗೆ ೬೦ ಕೆಂಟಕಿಗೆ ಹೋಯಿತು, ಶಿಕಾಗೋದ ಹಾದಿಯವರು ಉಳಿದಿದ್ದ ೬೬ನ್ನು ಒಪ್ಪಿಕೊಂಡರು. ಬೇಡವೆನ್ನುತ್ತ ಪಡೆದ ಆ ಸಂಖ್ಯೆಯೇ ಮುಂದೆ ಲೋಕಪ್ರಸಿದ್ಧವಾಯಿತು. ೧೯೮೫ರಲ್ಲಿ ಅದನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಆದರೂ ದಾರಿಯ ಊರುಗಳವರು ಬಿಡಲಿಲ್ಲ; ಹಳೆಯ ಹಾದಿಯ ಮೇಲೆ “ಐತಿಹಾಸಿಕ ೬೬” ಎಂಬ ಫಲಕಗಳು ಮತ್ತೆ ಎದ್ದವು. ಅದರ ಆರನೆಯ ಕವಲು ೬೬೬ ಆಗಿತ್ತು. ಬೈಬಲಿನಲ್ಲಿ ಅದು ಕೆಡುಕಿನ ಮೃಗದ ಸಂಖ್ಯೆಯಾದುದರಿಂದ ಕೆಲವರು ಅಂಜಿದರು, ಕೆಲವರು ಫಲಕಗಳನ್ನೇ ಕದ್ದೊಯ್ದರು. ೨೦೦೩ರಲ್ಲಿ ಅದು ೪೯೧ ಆಯಿತು. ಅಂಕೆಗಳಿಗೆ ಭಾವವಿಲ್ಲವೆಂದು ಯಾರು ಹೇಳಿದರು?

ಈ ವಿಷಯದಲ್ಲಿ ನಮಗೆ ಹೆಚ್ಚು ಹಿಡಿಸಿದುದು ಸ್ವೀಡನ್ ಮತ್ತು ನಾರ್ವೆಗಳವರ ನಡತೆ. ಯುರೋಪಿನ ದೇಶಗಳು ೧೯೫೦ರಲ್ಲಿ ಗಡಿ ದಾಟುವ ರಸ್ತೆಗಳಿಗೆ ‘ಇ’ ಅಕ್ಷರದ ಸಂಖ್ಯೆಗಳನ್ನು ಇಟ್ಟುಕೊಂಡಿದ್ದವು. ೧೯೭೫ರ ಒಪ್ಪಂದದಲ್ಲಿ ಅವನ್ನೆಲ್ಲ ದಿಕ್ಕಿನ ಸೂತ್ರಕ್ಕೆ ಒಗ್ಗಿಸಿ ಬದಲಿಸಿದವು. ಆ ಸೂತ್ರದಂತೆ ಇ-೪ಕ್ಕೆ ಇ-೫೫ ಎಂದೂ ಇ-೬ಕ್ಕೆ ಇ-೪೭ ಎಂದೂ ಹೆಸರಾಗಬೇಕಿತ್ತು. ಎಣಿಕೆಯಿಲ್ಲದ ಫಲಕಗಳನ್ನು ಬದಲಿಸುವ ವೆಚ್ಚವೇಕೆಂದು ಆ ಎರಡು ದೇಶಗಳು ತಮ್ಮ ಹಳೆಯ ಸಂಖ್ಯೆಗಳನ್ನೇ ಉಳಿಸಿಕೊಂಡವು. ಸೂತ್ರಕ್ಕೆ ಅಪವಾದವಾಗಿ ಇ-೪ ಇಂದಿಗೂ ಸ್ವೀಡನ್ನಿನ ಉದ್ದಕ್ಕೂ ಹಾಯುತ್ತಿದೆ. ಅದರಿಂದ ಯುರೋಪಿನ ಲೆಕ್ಕವೇನೂ ಕೆಡಲಿಲ್ಲ.

ಹಾಗೆಂದು ನಾವು ಹೊಸ ಭಾರತೀಯ ವ್ಯವಸ್ಥೆಯನ್ನು ಹಳಿಯಲು ಕುಳಿತಿಲ್ಲ. ನಿಜ ಹೇಳಬೇಕೆಂದರೆ, ಅದರ ಸೂತ್ರವು ಹಳೆಯದಕ್ಕಿಂತ ಉತ್ತಮವಾದುದು. ಹಳೆಯ ಪಟ್ಟಿಯಲ್ಲಿ ೧ ದಿಲ್ಲಿಯಿಂದ ಅಮೃತಸರಕ್ಕೆ, ೨ ದಿಲ್ಲಿಯಿಂದ ಕಲಕತ್ತೆಗೆ, ೩ ಆಗ್ರಾದಿಂದ ಮುಂಬಯಿಗೆ. ಸಂಖ್ಯೆಯನ್ನು ನೋಡಿ ದಿಕ್ಕನ್ನು ತಿಳಿಯುವ ಉಪಾಯವೇ ಇರಲಿಲ್ಲ. ಈಗ ಉತ್ತರ ದಕ್ಷಿಣದ ಹೆದ್ದಾರಿಗಳಿಗೆ ಸರಿ ಸಂಖ್ಯೆ. ಅವು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತವೆ. ಈಶಾನ್ಯದ ಬೆಟ್ಟಗಳಲ್ಲಿ ೨, ಬಂಗಾಲ ಕೊಲ್ಲಿಯ ದಂಡೆಯಲ್ಲಿ ೧೬, ಶ್ರೀನಗರದಿಂದ ಕನ್ಯಾಕುಮಾರಿಗೆ ದೇಶದ ನಡುವನ್ನು ಹಾಯುವುದು ೪೪, ಪನವೇಲಿನಿಂದ ಗೋವೆ, ಕಾರವಾರ, ಉಡುಪಿ, ಮಂಗಳೂರುಗಳ ಮೂಲಕ ಕಡಲ ಬದಿಯಲ್ಲಿ ಕನ್ಯಾಕುಮಾರಿಗೆ ಹೋಗುವುದು ೬೬. (ಇದರ ಕೊಂಕಣ ಭಾಗದ ಅಗಲೀಕರಣವು ಹತ್ತು ವರ್ಷಗಳನ್ನು ಮೀರಿ ಎಳೆಯಿತು. ಸಂಖ್ಯೆ ಬದಲಾದ ಮಾತ್ರಕ್ಕೆ ತಗ್ಗು ತುಂಬುವುದಿಲ್ಲವೆಂದು ಕರಾವಳಿಯ ನಮ್ಮ ಬಂಧುಗಳು ಬಲ್ಲರು.) ಪೂರ್ವ ಪಶ್ಚಿಮದವು ಬೆಸ ಸಂಖ್ಯೆಗಳಾಗಿ ಉತ್ತರದಿಂದ ದಕ್ಷಿಣಕ್ಕೆ ಏರುತ್ತವೆ: ಕಾಶ್ಮೀರದಲ್ಲಿ ೧, ಪುಣೆಯಿಂದ ಸೊಲ್ಲಾಪುರ, ಹೈದರಾಬಾದುಗಳ ಮೂಲಕ ಮಚಲೀಪಟ್ಟಣಕ್ಕೆ ೬೫, ರಾಮೇಶ್ವರದ ಕಡೆಗೆ ೮೭. ಮೂರಂಕಿಯ ಸಂಖ್ಯೆಯಾದರೆ ಅದು ಕವಲು; ಕೊನೆಯ ಎರಡು ಅಂಕೆಗಳೇ ತಾಯಿಬೇರು. ಬೆಳಗಾವಿಯಿಂದ ಪಣಜಿಗೆ ಇಳಿಯುವ ಹಳೆಯ ೪-ಎ ಈಗ ೭೪೮, ಎಂದರೆ ೪೮ರ ಕವಲು. ಬೆಂಗಳೂರು ಮೈಸೂರುಗಳ ನಡುವಣ ೨೭೫ ಎಂಬುದು ೭೫ರ ಕವಲು. ಇದನ್ನು ಅರಿತ ಹುಡುಗನು ಎಂದೂ ಕಾಣದ ಸೀಮೆಯಲ್ಲಿ ಒಂದು ಫಲಕವನ್ನು ನೋಡಿ ತಾನು ದೇಶದ ಯಾವ ಮೂಲೆಯಲ್ಲಿರುವೆನೆಂದು ಸುಮಾರಾಗಿ ಹೇಳಬಲ್ಲನು. ಇಲ್ಲಿ ರಾಜಧಾನಿಗೆ ಪ್ರತ್ಯೇಕ ಪಟ್ಟವಿಲ್ಲ. ಒಂದು ಎಂಬ ಸಂಖ್ಯೆ ದಿಲ್ಲಿಯನ್ನು ಮುಟ್ಟುವುದೇ ಇಲ್ಲ. ದಿಕ್ಕು ಎಲ್ಲರಿಗೂ ಸಮಾನವಾದುದು.

ಹೆಸರಿಗಿಂತ ಅಂಕೆಯೇ ಮೇಲೆಂದು ನಾವು ಹೇಳುವುದಕ್ಕೆ ಇನ್ನೂ ಒಂದು ಕಾರಣವುಂಟು. ಪರನಾಡಿನಲ್ಲಿ ಬಾಳುವ ನಮಗೆ ಓದಲು ಬಾರದ ಫಲಕದ ಮುಂದೆ ನಿಲ್ಲುವುದೆಂದರೇನೆಂದು ತಿಳಿದಿದೆ. ಗದಗಿನ ಲಾರಿ ಚಾಲಕನು ಅಸ್ಸಾಮಿಗೆ ಹೋದರೆ ಅಲ್ಲಿಯ ಲಿಪಿ ಅವನಿಗೆ ಬಾರದು. ಹೆದ್ದಾರಿಯ ಅಂಕೆ ಬರುತ್ತದೆ. ಸಂವಿಧಾನದ ೩೪೩ನೆಯ ವಿಧಿಯು ಕೇಂದ್ರದ ಕಾರ್ಯಗಳಿಗೆ ಭಾರತೀಯ ಅಂಕೆಗಳ ಅಂತರರಾಷ್ಟ್ರೀಯ ರೂಪವನ್ನು ಗೊತ್ತುಮಾಡಿದೆ. ಇಲ್ಲಿ ನಾವು ೪೮ ಎಂದು ಅಚ್ಚು ಹಾಕಿಸುವುದು ಅಲ್ಲಿ ಬೇರೆ ಆಕಾರ ತಾಳಿದರೂ ಲೆಕ್ಕ ಒಂದೇ.

ನಮ್ಮ ಆಕ್ಷೇಪವಿರುವುದು ಸೂತ್ರದ ಮೇಲಲ್ಲ, ಅದನ್ನು ಜನರಿಗೆ ತಿಳಿಸದೆ ಬಿಟ್ಟುದರ ಮೇಲೆ. ಇಷ್ಟು ಅಚ್ಚುಕಟ್ಟಾದ ಲೆಕ್ಕವನ್ನು ಕಟ್ಟಿ, ಅದರ ಕೀಲಿಕೈಯನ್ನು ಕಚೇರಿಯ ಕಡತದಲ್ಲಿಟ್ಟರೆ ಪ್ರಯೋಜನವೇನು? ನಾವು ಮಾತನಾಡಿಸಿದ ಪಾಲಕರಲ್ಲಿ ಒಬ್ಬರಿಗೂ ಸರಿ ಬೆಸಗಳ ಈ ನಿಯಮ ಗೊತ್ತಿರಲಿಲ್ಲ. ನಮ್ಮಲ್ಲಿಯೂ ಕೆಲವರಿಗೆ ಗೊತ್ತಿರಲಿಲ್ಲವೆಂದು ಒಪ್ಪಿಕೊಳ್ಳುವುದು ಲೇಸು. ಭೂಗೋಳದ ಪುಸ್ತಕದಲ್ಲಿ ಇದಕ್ಕೆ ಒಂದು ಪುಟ ಸಾಕು. ಇನ್ನು ಹೊಸ ಸಂಖ್ಯೆಯ ಕೆಳಗೆ ಚಿಕ್ಕ ಅಕ್ಷರಗಳಲ್ಲಿ “ಹಿಂದೆ ೪” ಎಂದು ಒಂದು ತಲೆಮಾರಿನವರೆಗಾದರೂ ಬರೆಯಬಾರದಿತ್ತೆ? ಹಳೆಯ ಸಂಖ್ಯೆಯನ್ನು ನಂಬಿದವರು ಅಜ್ಞಾನಿಗಳಲ್ಲ. ಸರಕಾರವೇ ಕಲಿಸಿದ ಪಾಠವನ್ನು ಅವರು ನೆನಪಿಟ್ಟವರು. ಇದೇ ರಸ್ತೆಗೆ ಏಷ್ಯಾ ಹೆದ್ದಾರಿ ಜಾಲದ ಲೆಕ್ಕದಲ್ಲಿ ೪೭ ಎಂಬ ಮೂರನೆಯ ಸಂಖ್ಯೆಯೂ ಇದೆ. ಮೂರು ಸಂಖ್ಯೆಗಳನ್ನು ಹೊತ್ತ ರಸ್ತೆಗೆ ಎರಡು ಸಾಲಿನ ವಿವರಣೆಯ ಭಾರವೇನೂ ಹೆಚ್ಚಾಗಲಾರದು. ಮತ್ತೆ ಯಾರಾದರೂ ಇನ್ನೂ ಉತ್ತಮವಾದ ಸೂತ್ರವೊಂದನ್ನು ಕಂಡುಹಿಡಿದರೆ, ಅವರು ಸ್ವೀಡನ್ನಿನ ಇ-೪ನ್ನು ನೆನೆದು ಸುಮ್ಮನಿರಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ರಜೆ ಮುಗಿದ ಮೇಲೆ ಒಂಬತ್ತನೆಯ ಇಯತ್ತೆಯವರು ಶಾಲೆಯ ಪಡಸಾಲೆಯಲ್ಲಿ ಒಂದು ದೊಡ್ಡ ನಕ್ಷೆ ಬರೆದಿದ್ದಾರೆ: ಹಳೆಯ ಸಂಖ್ಯೆಗಳು ಕೆಂಪು ಶಾಯಿಯಲ್ಲಿ, ಹೊಸವು ನೀಲಿಯಲ್ಲಿ. ಅವರನ್ನು ಹೆಚ್ಚು ಕಾಡಿಸಿದುದು ಹಳೆಯ ೧೩. ಸೊಲ್ಲಾಪುರದಿಂದ ಹೊರಟು ವಿಜಯಪುರ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗಗಳನ್ನು ಹಾಯ್ದು ಮಂಗಳೂರಿಗೆ ಮುಟ್ಟುತ್ತಿದ್ದ ಆ ಒಂದೇ ಹಾದಿ ಈಗ ೫೨, ೫೦, ೧೬೯ ಮೊದಲಾಗಿ ತುಂಡುತುಂಡಾಗಿದೆ. ವಿಜಯಪುರದ ಹುಡುಗರೂ ಮಂಗಳೂರಿನ ಹುಡುಗಿಯರೂ, ತಮ್ಮಿಬ್ಬರ ಊರುಗಳು ಒಂದೇ ಸಂಖ್ಯೆಯ ರಸ್ತೆಯ ಮೇಲಿದ್ದವೆಂಬುದನ್ನು ಆ ಗೋಡೆಯ ಮುಂದೆಯೇ ಮೊದಲು ಕಂಡರು. ಕೆಂಪು ಗೆರೆಯನ್ನು ಅಳಿಸಬೇಕೆ, ಬಿಡಬೇಕೆ ಎಂದು ಕೇಳಲು ಬಂದಿದ್ದರು. ಬಿಡಿರೆಂದೆವು.